ಬ್ರೂಸೆಲ್ಲಾ ಕುಟುಂಬ ಮತ್ತು ಕೆಂಪಯ್ಯನ ಬೆನ್ನು

2022ರ ಮಾರ್ಚ್ ತಿಂಗಳು. ನಾನಾಗ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ಸೂಕ್ಷ್ಮಜೀವಿ ಪ್ರಯೋಗಾಲಯದ ಮುಖ್ಯಸ್ಥೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಮೈಕ್ರೋಬಯಾಲಜಿಸ್ಟ್ ಎಂದರೆ ಯಾವ ಡಾಕ್ಟರು ಎಂದು ಮದುವೆಮನೆಗಳಲ್ಲಿ ಕೇಳಿದವರಿಗೆಲ್ಲ "ರೋಗಿಯ ಮುಖ ನೋಡದೆ ರೋಗಕ್ಕೆ ಹೆಸರಿಡುವ ಡಾಕ್ಟರು" ಎನ್ನುತ್ತಿದ್ದೆ. ನನ್ನ ಮೇಜಿಗೆ ಬರುತ್ತಿದ್ದುದು ಮನುಷ್ಯರಲ್ಲ; ಅವರ ರಕ್ತ, ಕಫ, ಕೀವು, ಜೊತೆಗೊಂದು ಚೀಟಿ. ಚೀಟಿಯಲ್ಲಿ ಹೆಸರು, ವಯಸ್ಸು, ಊರು, ಉದ್ಯೋಗ. ನಮ್ಮ ಕಡೆ ಉದ್ಯೋಗದ ಜಾಗದಲ್ಲಿ ಬಹುಪಾಲು ಚೀಟಿಗಳಿಗೆ ಕಣ್ಣು ಮುಚ್ಚಿಕೊಂಡು "ಕೂಲಿ" ಎಂದು ಬರೆದು ಕಳಿಸುತ್ತಾರೆ. ನಾನೂ ಅದನ್ನು ಕಣ್ಣು ಮುಚ್ಚಿಕೊಂಡೇ ಓದುತ್ತಿದ್ದೆ.

ಆ ತಿಂಗಳ ಎರಡನೇ ವಾರ ಗುಂಡ್ಲುಪೇಟೆಯ ಒಂದು ಕ್ಲಿನಿಕ್ಕಿನಿಂದ ರಕ್ತ ಬಂತು. ಕೆಂಪಯ್ಯ, ನಲವತ್ತಾರು ವರ್ಷ, ತೆರಕಣಾಂಬಿ ಹತ್ತಿರದ ಒಂದು ಹಳ್ಳಿ, ಕೂಲಿ. ಆರು ವಾರದಿಂದ ಜ್ವರ. ಸಂಜೆ ಏರುತ್ತದೆ, ಮೈಯೆಲ್ಲ ಬೆವರಿ ಬೆಳಿಗ್ಗೆ ಇಳಿಯುತ್ತದೆ. ಟೈಫಾಯ್ಡ್ ಎಂದು ಎರಡು ಸಲ ಔಷಧಿ ಕೊಟ್ಟರೂ ಜಗ್ಗಿಲ್ಲ. ಸೊಂಟನೋವು ಇದೆ. ಬ್ಲಡ್ ಕಲ್ಚರ್ ಮಾಡಿ ಎಂದು ಅಲ್ಲಿನ ಯುವ ವೈದ್ಯರು ಕೇಳಿದ್ದರು.

ಬ್ಲಡ್ ಕಲ್ಚರ್ ಎಂದರೆ ರೋಗಿಯ ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗೆ ಹಾಕಿ, ಮೈ ಬಿಸಿಯಷ್ಟೇ ಬಿಸಿಯಲ್ಲಿಟ್ಟು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಕಾಯುವುದು. ಎರಡು ತೋಳಿನಿಂದ ಎರಡು ಬಾಟಲಿ ತುಂಬುತ್ತೇವೆ. ಒಂದರಲ್ಲಿ ಮಾತ್ರ ಬೆಳೆದರೆ ಚರ್ಮದ ಮೇಲಿನದೋ ಗಾಳಿಯದೋ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದೆಂಬ ಅನುಮಾನ ಮೊದಲು ಬರುತ್ತದೆ. ಇಂಥದನ್ನು ನಾವು ಕಲ್ಮಶ ಎನ್ನುತ್ತೇವೆ. ಕೆಂಪಯ್ಯನ ಎರಡು ಬಾಟಲಿಗಳಲ್ಲಿ ಒಂದರಲ್ಲಿ ಏನೋ ಬೆಳೆದಿದೆ ಎಂದು ಬಾಟಲಿ ಇಡುವ ಯಂತ್ರ ನಾಲ್ಕನೇ ದಿನ ಸದ್ದು ಮಾಡಿತು. ಇನ್ನೊಂದು ಸುಮ್ಮನೆ ಕೂತಿತ್ತು.

ನನ್ನ ಹಿರಿಯ ಟೆಕ್ನಿಷಿಯನ್ ನಜೀಮಾ ಆ ಬಾಟಲಿಯ ದ್ರವವನ್ನು ಬ್ಯಾಕ್ಟೀರಿಯಾದ ಆಹಾರ ಹರಡಿದ ಮೂರು ಬಗೆಯ ತಟ್ಟೆಗಳ ಮೇಲೆ ಎಳೆದಳು. ಗುಂಡ್ಲುಪೇಟೆಯವಳು, ಅವಳಪ್ಪನಿಗೆ ಬೀಗ ರಿಪೇರಿ ಅಂಗಡಿ. ಹದಿನಾಲ್ಕು ವರ್ಷದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ರಿಜಿಸ್ಟರಿನಲ್ಲಿ ಮುತ್ತು ಪೋಣಿಸಿದ ಹಾಗೆ ಇಂಗ್ಲಿಷು. ಮಾತು ಕಡಿಮೆ. ನಾನು ಮಾತು ಜಾಸ್ತಿ. ಹಾಗಾಗಿ ಇಬ್ಬರಿಗೂ ಹೊಂದಿಕೆಯಾಗಿತ್ತು.

ಎರಡು ದಿನ ಕಳೆದ ಮೇಲೆ ತಟ್ಟೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಎದ್ದವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತೀರಾ ಸಣ್ಣ, ಮಸುಕು ಗುಲಾಬಿ ಕಣಗಳು. ಗ್ರಾಮ್ ನೆಗೆಟಿವ್ ಎಂಬ ದೊಡ್ಡ ಗುಂಪಿಗೆ ಸೇರಿದವು ಎಂದಷ್ಟು ತಿಳಿಯಿತು. ಮುಂದಿನ ಕೆಲಸಕ್ಕೆ ನಮ್ಮಲ್ಲೊಂದು ಯಂತ್ರವಿತ್ತು. ಬ್ಯಾಕ್ಟೀರಿಯಾ ಏನೇನು ತಿನ್ನುತ್ತದೆ, ಏನೇನು ಹೊರಹಾಕುತ್ತದೆ ಎಂದು ಹತ್ತಾರು ಪುಟ್ಟ ಗುಳಿಗಳಲ್ಲಿ ಪರೀಕ್ಷಿಸಿ, ತನ್ನ ನೆನಪಿನಲ್ಲಿರುವ ಪಟ್ಟಿಗೆ ಹೋಲಿಸಿ, ಹೆಸರು ಹೇಳುವ ಯಂತ್ರ. ಮಾರನೇ ಬೆಳಿಗ್ಗೆ ಅದು ಹೇಳಿತು: ಓಕ್ರೋಬ್ಯಾಕ್ಟ್ರಮ್ ಆಂಥ್ರೋಪಿ, ಶೇಕಡಾ ತೊಂಬತ್ತೇಳು ಖಚಿತ.

ಓಕ್ರೋಬ್ಯಾಕ್ಟ್ರಮ್ ಮಣ್ಣಿನಲ್ಲಿ, ನೀರಿನಲ್ಲಿ ಬದುಕುವ ಸಾಧು ಪ್ರಾಣಿ. ತೀರಾ ಸೊರಗಿದ ರೋಗಿಗಳಿಗೆ, ನರದಲ್ಲಿ ನಳಿಕೆ ಹಾಕಿಸಿಕೊಂಡವರಿಗೆ ಅಪರೂಪಕ್ಕೆ ಕಾಟ ಕೊಡುತ್ತದೆ. ಹಳ್ಳಿಯಲ್ಲಿ ಓಡಾಡಿಕೊಂಡಿದ್ದ ಮನುಷ್ಯನ ಒಂದೇ ಬಾಟಲಿಯಲ್ಲಿ ಬಂದಿದೆಯೆಂದರೆ ಕಲ್ಮಶವೇ ಇರಬೇಕು ಎಂದುಕೊಂಡೆ. ಆ ದಿನ ನನ್ನ ಮುಂದೆ ಸಹಿಗೆ ಕಾದಿದ್ದ ವರದಿಗಳು ನಲವತ್ತಕ್ಕೂ ಹೆಚ್ಚು. "ಬಹುಶಃ ಕಲ್ಮಶ. ಅಗತ್ಯವೆನಿಸಿದರೆ ಮತ್ತೊಮ್ಮೆ ರಕ್ತ ಕಳಿಸಿ" ಎಂದು ಬರೆದು ಸಹಿ ಹಾಕಿದೆ. ಹದಿನೈದು ಸೆಕೆಂಡು ಹಿಡಿದಿರಬಹುದು.

ಹನ್ನೊಂದು ದಿನ ಕಳೆಯಿತು. ಒಂದು ಬೆಳಿಗ್ಗೆ ಗುಂಡ್ಲುಪೇಟೆಯ ಆ ವೈದ್ಯರಿಂದ ಫೋನ್ ಬಂತು. ಕೆಂಪಯ್ಯನಿಗೆ ಈಗ ಎದ್ದು ನಿಲ್ಲಲಾಗುತ್ತಿಲ್ಲ, ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದ್ದಾರೆ, ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆ ಸವೆದಿವೆ, ಮಧ್ಯೆ ಕೀವು ಕಟ್ಟಿದಂತಿದೆ. ಬೆನ್ನುಮೂಳೆಯ ಕ್ಷಯವೆಂದು ತೀರ್ಮಾನಿಸಿ ನಾಳೆಯಿಂದಲೇ ಟಿಬಿ ಮಾತ್ರೆ ಶುರು ಮಾಡುತ್ತಿದ್ದಾರೆ.

"ನಿಮ್ಮ ರಿಪೋರ್ಟಲ್ಲಿ ಕಲ್ಮಶ ಅಂತಿತ್ತಲ್ಲ ಮೇಡಂ, ಸುಮ್ಮನೆ ಇನ್ನೊಂದ್ಸಲ ಖಾತ್ರಿ ಮಾಡ್ಕೊಳ್ಳೋಣ ಅಂತ ಫೋನ್ ಮಾಡ್ದೆ," ಎಂದರು.

ಅವರು ಹಾಗೆ ಸುಮ್ಮನೆ ಫೋನ್ ಮಾಡದಿದ್ದರೆ ನಾನು ಆ ವರದಿಯನ್ನು ಮತ್ತೆ ತೆರೆದೂ ನೋಡುತ್ತಿರಲಿಲ್ಲ. ಸಂಜೆ ಏರಿ ಬೆಳಿಗ್ಗೆ ಇಳಿಯುವ ಜ್ವರ, ಬೆವರು, ಸವೆದ ಸೊಂಟದ ಮೂಳೆ, ಸೂಜಿಮೊನೆಯ ಚುಕ್ಕೆ. ಫೋನ್ ಕೈಯಲ್ಲಿರುವಾಗಲೇ ಇವು ನಾಲ್ಕೂ ಒಂದರ ಪಕ್ಕ ಒಂದು ಬಂದು ನಿಂತವು. "ಟಿಬಿ ಮಾತ್ರೆ ನಾಳೆ ಸಂಜೆಯವರೆಗೆ ಕೊಡಬೇಡಿ" ಎಂದಷ್ಟೇ ಹೇಳಿ ಫೋನಿಟ್ಟೆ.

ನಜೀಮಾ ಕಲ್ಚರ್ ರಿಜಿಸ್ಟರ್ ತಂದು ಮುಂದಿಟ್ಟಳು. ಕೆಂಪಯ್ಯನ ಸಾಲಿನಲ್ಲಿ ಅವಳ ಅಕ್ಷರದಲ್ಲಿ ಎರಡು ತಟ್ಟೆಯ ವಿವರ, ಮೂರನೆಯದರ ಎದುರು "ಮ್ಯಾಕಾಂಕಿ: ಬೆಳವಣಿಗೆ ಇಲ್ಲ" ಎಂಬ ಟಿಪ್ಪಣಿ. ಅದರ ಕೆಳಗೇ ನನ್ನ ಸಹಿ. ಮ್ಯಾಕಾಂಕಿ ಎಂಬ ಆಹಾರದ ಮೇಲೆ ಓಕ್ರೋಬ್ಯಾಕ್ಟ್ರಮ್ ಸುಖವಾಗಿ ಬೆಳೆಯುತ್ತದೆ. ಎರಡನೇ ವರ್ಷದ ವೈದ್ಯ ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡಿದ ವಿಷಯ.

"ನಾನು ಬರ್ದಿದ್ದೆ ಮೇಡಂ," ಎಂದಳು. ಅಷ್ಟೇ. ದೂರೂ ಇಲ್ಲ, ಸಮರ್ಥನೆಯೂ ಇಲ್ಲ. ಅವಳು ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ಓದುಗರಿಗೆ ಈ ಕುಟುಂಬದ ಪರಿಚಯ ಇಲ್ಲೇ ಮಾಡಿಕೊಡಬೇಕು. ಬ್ಯಾಕ್ಟೀರಿಯಾಗಳಿಗೂ ನಮ್ಮ ಹಾಗೆ ಮನೆತನವುಂಟು. ಹತ್ತಿರದ ಸ್ಪೀಷೀಸ್‌ಗಳೆಲ್ಲ ಸೇರಿ ಒಂದು ಜೀನಸ್, ಹತ್ತಿರದ ಜೀನಸ್‌ಗಳು ಸೇರಿ ಒಂದು ಕುಟುಂಬ, ಕುಟುಂಬಗಳು ಸೇರಿ ಇನ್ನೂ ದೊಡ್ಡ ಬಳಗ. ಬ್ರೂಸೆಲೇಸಿಯೇ ಎಂಬ ಕುಟುಂಬದಲ್ಲಿ ಇಬ್ಬರು ಮುಖ್ಯರು: ಒಬ್ಬ ಈ ಓಕ್ರೋಬ್ಯಾಕ್ಟ್ರಮ್, ಇನ್ನೊಬ್ಬ ಬ್ರೂಸೆಲ್ಲಾ. ನೋಡಲು ಅಣ್ಣತಮ್ಮಂದಿರೇ. ಇಬ್ಬರೂ ಗ್ರಾಮ್ ನೆಗೆಟಿವ್, ಇಬ್ಬರಿಗೂ ಗಾಳಿ ಬೇಕು, ಯಂತ್ರದ ಗುಳಿಗಳಲ್ಲಿ ಇಬ್ಬರ ಉತ್ತರವೂ ಹೆಚ್ಚುಕಡಿಮೆ ಒಂದೇ. ನಮ್ಮ ಯಂತ್ರದ ಪಟ್ಟಿಯಲ್ಲಿ ಬ್ರೂಸೆಲ್ಲಾ ಹೆಸರೇ ಇರಲಿಲ್ಲ. ಇಲ್ಲದವನನ್ನು ಗುರುತಿಸು ಎಂದರೆ ಅದಾದರೂ ಏನು ಮಾಡೀತು? ಹತ್ತಿರದ ನೆಂಟನ ಹೆಸರು ಹೇಳಿತು, ಅದೂ ತೊಂಬತ್ತೇಳರ ಧೈರ್ಯದಲ್ಲಿ.

ಸ್ವಭಾವ ಮಾತ್ರ ಬೇರೆ ಬೇರೆ. ಓಕ್ರೋಬ್ಯಾಕ್ಟ್ರಮ್‌ಗೆ ಮೈತುಂಬ ಬಾಲಗಳಿವೆ, ನೀರಿನಲ್ಲಿ ಈಜುತ್ತದೆ. ಬ್ರೂಸೆಲ್ಲಾ ಈಜುವುದಿಲ್ಲ. ಸೋಜಿಗವೆಂದರೆ ಬಾಲ ಕಟ್ಟುವ ಜೀನ್‌ಗಳು ಅದರಲ್ಲಿ ಇನ್ನೂ ಉಳಿದಿವೆ. ಈಜುವ ಅಗತ್ಯ ಅದಕ್ಕಿಲ್ಲ. ಅದು ವಾಸಿಸುವುದು ಪ್ರಾಣಿಯ ಜೀವಕೋಶದೊಳಗೆ. ರೋಗಾಣುಗಳನ್ನು ನುಂಗಿ ಕೊಲ್ಲಲೆಂದೇ ಇರುವ ರಕ್ಷಕ ಕೋಶದೊಳಗೇ ಹೊಕ್ಕು, ಅಲ್ಲೇ ಸಂಸಾರ ಹೂಡುತ್ತದೆ. ಆಡು ಕುರಿಗಳಿಗೆ ಮೆಲಿಟೆನ್ಸಿಸ್, ದನಗಳಿಗೆ ಅಬಾರ್ಟಸ್, ಹಂದಿಗೆ ಸೂಯಿಸ್, ನಾಯಿಗೆ ಕ್ಯಾನಿಸ್ ಎಂದು ಒಂದೊಂದು ಸ್ಪೀಷೀಸ್ ಒಂದೊಂದು ಪ್ರಾಣಿಯನ್ನು ನೆಚ್ಚಿಕೊಂಡಿದೆ. ಡಿಎನ್‌ಎ ಹೋಲಿಸಿದರೆ ಇವೆಲ್ಲ ಎಷ್ಟು ಹತ್ತಿರವೆಂದರೆ, ಇಷ್ಟೊಂದು ಹೆಸರು ಯಾಕೆ, ಒಂದೇ ಸ್ಪೀಷೀಸ್ ಎನ್ನಿ ಎಂದು ಕೆಲವು ವಿಜ್ಞಾನಿಗಳು ವಾದಿಸಿದ್ದೂ ಉಂಟು. ದನದಿಂದ ಬಂತೋ ಆಡಿನಿಂದ ಬಂತೋ ತಿಳಿಯಲು ಬೇಕಾಗುತ್ತದೆ ಎಂದು ಹೆಸರುಗಳನ್ನು ಉಳಿಸಿಕೊಂಡರು. ಮನುಷ್ಯನಿಗೆ ತಗುಲಿದರೆ ತಿಂಗಳುಗಟ್ಟಲೆ ಜ್ವರ, ಕೀಲುನೋವು. ಬೆನ್ನುಮೂಳೆಗೆ ಇಳಿದರೆ ಕ್ಷಯದ ಹಾಗೆಯೇ ಮೂಳೆ ತಿನ್ನುತ್ತದೆ.

ಅಪಾಯ ಅಲ್ಲೇ ಇತ್ತು. ಟಿಬಿಗೆ ಕೊಡುವ ಒಂದು ಮಾತ್ರೆ ಬ್ರೂಸೆಲ್ಲಾವನ್ನೂ ಅರೆಬರೆ ಅದುಮುತ್ತದೆ. ಜ್ವರ ಇಳಿದಂತೆ ಕಾಣುತ್ತದೆ, ಕಲ್ಚರಿನಲ್ಲಿ ಮತ್ತೆ ಸಿಗುವುದಿಲ್ಲ. ಒಳಗೆ ಕೀವು ಬೆಳೆದು ನರಗಳನ್ನು ಒತ್ತಿದರೆ ಕಾಲು ಹೋಗುತ್ತದೆ. ನನ್ನ ಕೈಯಲ್ಲಿದ್ದುದು ಒಂದು ದಿನ.

ಅದೃಷ್ಟಕ್ಕೆ ರಕ್ತದಲ್ಲಿ ಸಿಕ್ಕ ಪ್ರತಿಯೊಂದು ಬ್ಯಾಕ್ಟೀರಿಯಾವನ್ನೂ ಕಲ್ಮಶವೆನಿಸಿದರೂ ಸರಿ, ಒಂದು ತಿಂಗಳು ಸಣ್ಣ ನಳಿಕೆಯಲ್ಲಿ ಕಾಪಿಡುವುದು ನಜೀಮಾಳ ಪದ್ಧತಿ. ಜಾಗ ತಿನ್ನುತ್ತದೆ ಎಂದು ನಾನು ಎಷ್ಟೋ ಸಲ ಗೊಣಗಿದ್ದೆ. ಆ ನಳಿಕೆಯನ್ನು ತೆರೆದ ಮೇಜಿನ ಮೇಲೆ ಮುಟ್ಟುವಂತಿರಲಿಲ್ಲ; ಬ್ರೂಸೆಲ್ಲಾ ಉಸಿರಿನ ಜೊತೆ ಒಳಹೋಗುತ್ತದೆ, ಪ್ರಯೋಗಾಲಯದವರಿಗೇ ಹೆಚ್ಚು ತಗಲುವ ರೋಗಗಳಲ್ಲಿ ಇದೂ ಒಂದು. ಗಾಳಿಯನ್ನು ಒಳಗೇ ಸೋಸುವ ಗಾಜಿನ ಕ್ಯಾಬಿನೆಟ್ಟಿನಲ್ಲಿ ಕೈ ಇಳಿಸಿ, ಹಳದಿ ಬಣ್ಣದ ಯೂರಿಯೇಸ್ ಮಾಧ್ಯಮದ ಮೇಲೆ ಅದನ್ನು ಧಾರಾಳವಾಗಿ ಸವರಿದೆವು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದರೆ ಇದು ಗುಲಾಬಿಯಾಗುತ್ತದೆ. ಕೆಲವಕ್ಕೆ ಒಂದಿಡೀ ದಿನ ಬೇಕು, ಬ್ರೂಸೆಲ್ಲಾಕ್ಕೆ ಕೆಲವು ನಿಮಿಷ ಸಾಕು. ನಜೀಮಾ ಗಡಿಯಾರ ನೋಡುತ್ತಿದ್ದಳು. ಹದಿನೆಂಟನೇ ನಿಮಿಷಕ್ಕೆ ಆ ಹಳದಿ ಮಾಧ್ಯಮದ ಮೇಲ್ತುದಿ ಕಡುಗುಲಾಬಿಗೆ ತಿರುಗಿತು.

"ಯಾ ಅಲ್ಲಾಹ್, ಇಷ್ಟು ಬೇಗ!" ಎಂದಳು. ಅಲ್ಲೇ ಒಂದು ಹನಿಯನ್ನು ಗಾಜಿನ ಕೆಳಗೆ ಮುಚ್ಚಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಕಣಗಳು ನಿಂತಲ್ಲೇ ಅದುರುತ್ತಿದ್ದವು, ಒಂದೂ ಈಜಲಿಲ್ಲ. ನನಗೆ ಭಯವೂ ಆಯಿತು, ಸುಳ್ಳೇಕೆ, ಖುಷಿಯೂ ಆಯಿತು. ಇಪ್ಪತ್ತೊಂಬತ್ತು ವರ್ಷ ಪುಸ್ತಕದಲ್ಲಿ ತೋರಿಸಿ ಪಾಠ ಮಾಡಿದವನನ್ನು ಎದುರಿಗೆ ನೋಡುತ್ತಿದ್ದೆ.

ಮಧ್ಯಾಹ್ನ ಪಶುವೈದ್ಯ ಶಿವಣ್ಣನವರನ್ನು ಕರೆಸಿದೆ. ಹಿಂದೊಮ್ಮೆ ರೇಬೀಸ್ ಸಭೆಯಲ್ಲಿ ಜಗಳವಾಡಿ ಸ್ನೇಹಿತರಾದವರು. ದನಗಳ ರಕ್ತ ಪರೀಕ್ಷಿಸಲು ಇಟ್ಟುಕೊಳ್ಳುವ ರೋಸ್ ಬೆಂಗಾಲ್ ದ್ರಾವಣವನ್ನು ಐಸ್ ಡಬ್ಬಿಯಲ್ಲಿ ತಂದಿದ್ದರು. ಬಿಳಿ ಟೈಲಿನ ಮೇಲೆ ಒಂದು ಹನಿ ಗುಲಾಬಿ ದ್ರಾವಣ, ಪಕ್ಕಕ್ಕೆ ಕೆಂಪಯ್ಯನ ರಕ್ತದಿಂದ ಬೇರ್ಪಡಿಸಿ ನಮ್ಮ ಫ್ರೀಜರಿನಲ್ಲಿಟ್ಟಿದ್ದ ತಿಳಿನೀರು, ಅಂದರೆ ಸೀರಮ್ಮಿನ ಒಂದು ಹನಿ. ಎರಡನ್ನೂ ಕಡ್ಡಿಯಿಂದ ಕಲಸಿ ಟೈಲನ್ನು ಮೆಲ್ಲಗೆ ಓಲಾಡಿಸಿದರು. ಮೈ ಬ್ರೂಸೆಲ್ಲಾದ ಜೊತೆ ಹೋರಾಡಿದ್ದರೆ ಹನಿ ಗಂಟುಕಟ್ಟುತ್ತದೆ; ನಾಲ್ಕು ನಿಮಿಷದ ಪರೀಕ್ಷೆ. ಒಂದು ನಿಮಿಷದೊಳಗೇ ಹನಿ ಒಡೆದ ಹಾಲಿನಂತೆ ತರಿತರಿಯಾಯಿತು.

"ಮೇಡಂ, ದನಗಳಲ್ಲೂ ಇಷ್ಟು ಜೋರಾಗಿ ಕಟ್ಟಿದ್ದು ನಾನು ಕಡಿಮೆ ನೋಡಿರೋದು," ಎಂದರು.

ಸಂಜೆಯೊಳಗೆ ಗುಂಡ್ಲುಪೇಟೆಗೆ ಫೋನ್ ಮಾಡಿ ನನ್ನ ಹಳೆಯ ವರದಿ ತಪ್ಪು, ಇದು ಬ್ರೂಸೆಲ್ಲಾ, ಟಿಬಿ ಮಾತ್ರೆ ಬೇಡ ಎಂದು ಹೇಳಿದೆ. ರೋಗಿಯನ್ನು ನಮ್ಮ ಆಸ್ಪತ್ರೆಗೆ ಕಳಿಸುವುದಾಗಿ ಅವರು ಒಪ್ಪಿದರು. ಮಾರನೇ ದಿನ ಟ್ಯೂಬ್ ಪರೀಕ್ಷೆಯಲ್ಲಿ ಸೀರಮ್ಮನ್ನು ಸಾವಿರದ ಇನ್ನೂರ ಎಂಬತ್ತು ಪಟ್ಟು ತೆಳುಗೊಳಿಸಿದರೂ ಅದು ಬ್ರೂಸೆಲ್ಲಾವನ್ನು ಗುರುತಿಸುತ್ತಿತ್ತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ನಾನೂ ನಜೀಮಾಳೂ ಮೊದಲ ಸಲ ಆ ತಟ್ಟೆಗಳನ್ನು ತೆರೆದ ಮೇಜಿನ ಮೇಲೇ ಬಿಚ್ಚಿದ್ದರಿಂದ ಇಬ್ಬರೂ ಇಪ್ಪತ್ತೊಂದು ದಿನ ಮಾತ್ರೆ ನುಂಗಿದೆವು. ಅದರಲ್ಲೊಂದು ಮಾತ್ರೆ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಶೌಚಾಲಯ ತೊಳೆಯುವಾಕೆ ಇದ್ಯಾರ ಕೆಲಸ ಎಂದು ಇಡೀ ಮಹಡಿಯನ್ನು ವಿಚಾರಿಸಿದಳು. ನಾವು ಬಾಯಿ ಬಿಡಲಿಲ್ಲ.

ಆದರೆ ಕೆಂಪಯ್ಯನಿಗೆ ಇದು ಬಂದದ್ದೆಲ್ಲಿಂದ ಎಂಬುದು ತಲೆ ತಿನ್ನುತ್ತಿತ್ತು. ಆ ಮಾರನೇ ದಿನ ಅವನನ್ನು ಕರೆತರುವ ಆಂಬುಲೆನ್ಸ್ ಬರುವುದು ಮಧ್ಯಾಹ್ನಕ್ಕೆ. ಶಿವಣ್ಣನವರು ಹೇಗೂ ತೆರಕಣಾಂಬಿ ಕಡೆ ಹೊರಟಿದ್ದರು. ನಾನೂ ಅವರ ಜೀಪು ಹತ್ತಿದೆ. ಅಷ್ಟು ವರ್ಷದ ನೌಕರಿಯಲ್ಲಿ ಒಬ್ಬ ರೋಗಿಯ ಮನೆಗೆ ನಾನು ಹೋದದ್ದು ಅದೇ ಮೊದಲು.

ಕೆಂಪಯ್ಯ ನಡುಮನೆಯಲ್ಲಿ ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ. ತೆಳ್ಳಗೆ, ಉದ್ದಕ್ಕೆ, ಅಂಗೈ ಅಂಗಾಲುಗಳೆಲ್ಲ ಬಿರುಕು. ಅವನ ಹೆಂಡತಿ ಸಿದ್ದಮ್ಮ ಹುರಿದ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಶಾಖ ಕೊಡುತ್ತಿದ್ದಳು. ನೋಡುತ್ತಿದ್ದಂತೆ ನನಗೆ ಇನ್ನೊಂದು ಹೊಳೆಯಿತು. ಹುರುಳಿ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವಲ್ಲ, ಅದರೊಳಗಿರುವ ರೈಜೋಬಿಯಮ್ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ. ಅದೂ ಬ್ರೂಸೆಲ್ಲಾದ ದೊಡ್ಡ ಬಳಗಕ್ಕೇ ಸೇರಿದ್ದು. ಒಂದು ಶಾಖೆ ಗಿಡದ ಕೋಶದೊಳಗೆ ಹೊಕ್ಕು ಉಪಕಾರ ಮಾಡುತ್ತದೆ, ಇನ್ನೊಂದು ಪ್ರಾಣಿಯ ಕೋಶದೊಳಗೆ ಹೊಕ್ಕು ಇವನ ಮೂಳೆ ತಿನ್ನುತ್ತಿದೆ. ಒಳಹೊಗುವ ವಿದ್ಯೆ ಇಬ್ಬರಿಗೂ ಒಂದೇ ಅಜ್ಜನಿಂದ ಬಂದಿರಬಹುದೇ ಎಂದು ಯೋಚಿಸುತ್ತ ನಾನು ಒಂದು ಕ್ಷಣ ಬಂದ ಕೆಲಸವನ್ನೇ ಮರೆತೆ.

ಪಾಠದ ಪ್ರಕಾರ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಹಸಿಹಾಲು ಕುಡಿಯುತ್ತೀಯಾ?

"ಹಾಲಾ? ನನಗ ಕರಿ ಟೀನೇ ಆಗೋದು ಕಣವ್ವ. ಹಾಲಾಕಿದ್ರ ಒಟ್ಟ ಉಬ್ಬರ್ಸ್ಕತದ," ಎಂದ.

ದನ, ಕುರಿ, ಆಡು ಸಾಕಿದ್ದೀಯಾ?

"ಯಾವ್ದೂ ಇಲ್ಲ. ಒಂದು ಕೋಳಿ ಇತ್ತು, ಅದ್ನೂ ಕಾಡುಬೆಕ್ಕು ಇಡ್ಕಂಡೋಯ್ತು."

ಮಾಂಸ ಕೊಯ್ಯುವ ಕೆಲಸ? ಅದೂ ಇಲ್ಲ. ಹುಣಸೆ ಬಡಿಯುವುದು, ತೆಂಗಿನಕಾಯಿ ಇಳಿಸುವುದು, ಸೌದೆಗೆ ಕೊಂಬೆ ಕಡಿಯುವುದು, ಇಷ್ಟೇ ಅವನ ಕಸುಬು. "ಮರ ಅತ್ತೋದು ಬುಟ್ರ ನನಗ ಬ್ಯಾರೆ ಏನೂ ಬರದಿಲ್ಲ ಡಾಕ್ಟ್ರಮ್ಮ. ಸೊಂಟ ಒಂದ ಸರಿ ಮಾಡ್ಕೊಡಿ," ಎಂದ. ಅವನ ಜೀವನವೆಲ್ಲ ಆ ಎರಡು ಮೂಳೆಗಳ ಮೇಲೆ ನಿಂತಿತ್ತು.

ನನ್ನ ಪ್ರಶ್ನೆಗಳು ಮುಗಿದಿದ್ದವು. ಶಿವಣ್ಣನವರು ಸಿದ್ದಮ್ಮನ ಕಡೆ ತಿರುಗಿದರು. "ಊರಲ್ಲಿ ಯಾವ್ದಾರೂ ಹಸ ಕಂದು ಹಾಕಿದ್ವೇನವ್ವ?" ಕಂದು ಹಾಕುವುದೆಂದರೆ ತಿಂಗಳು ತುಂಬುವ ಮೊದಲೇ ಕರು ಬೀಳುವುದು.

"ಮೂರು ಆಕ್ಬುಟ್ಟೋ ಸ್ವಾಮಿ, ದೀಪಾವಳಿಯಿಂದೀಚ್ಗ. ಆ ಮೂರರ ಸತ್ತೇನೂ ಇವ್ರೇ ತಾನೆ ಮರಕ್ಕ ಕಟ್ಟಿದ್ದು?" ಎಂದಳು ಸಿದ್ದಮ್ಮ.

ಕರು ಹಾಕಿದ ಮೇಲೆ ಹಸುವಿನಿಂದ ಬೀಳುವ ಮಾಸಿಗೆ ಅಲ್ಲಿ ಸತ್ತೆ ಎನ್ನುತ್ತಾರೆ. ಅದನ್ನು ನಾಯಿ ನರಿ ಮುಟ್ಟಬಾರದು. ಗೋಣಿಚೀಲದಲ್ಲಿ ಕಟ್ಟಿ ಆಲದ ಮರದ ಎತ್ತರದ ಕೊಂಬೆಗೆ ನೇತುಹಾಕಬೇಕು. ಕೊಂಬೆ ಮುರಿದರೆ ಹಾಲು ಒಸರುವ ಮರವಾದ್ದರಿಂದ ಹಸುವಿಗೂ ಹಾಗೇ ಹಾಲು ಒಸರಲಿ ಎಂಬ ನಂಬಿಕೆ. ಮನೆಮನೆಯವರೂ ಹಿಂದೆ ತಾವೇ ಕಟ್ಟುತ್ತಿದ್ದರಂತೆ. ಈಗ ಅಷ್ಟೆತ್ತರ ಹತ್ತುವವರು ಊರಿಗೆ ಒಬ್ಬನೇ. ಯಾರ ಹಸು ಕರು ಹಾಕಿದರೂ ಕೆಂಪಯ್ಯನಿಗೆ ಕರೆ ಬರುತ್ತಿತ್ತು. ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹತ್ತುತ್ತಿದ್ದ. ಚೀಲದಿಂದ ಸೋರಿದ್ದು ಕುತ್ತಿಗೆ ಮೇಲೆ, ಬಿರುಕುಬಿಟ್ಟ ಕೈ ಮೇಲೆ ಇಳಿಯುತ್ತಿತ್ತು. ಬ್ರೂಸೆಲ್ಲಾ ತಗುಲಿದ ಹಸುವಿನ ಸತ್ತೆಯಲ್ಲಿ ಇರುವಷ್ಟು ಬ್ಯಾಕ್ಟೀರಿಯಾ ಇನ್ನೆಲ್ಲೂ ಇರುವುದಿಲ್ಲ. ಊರಿನ ಎಲ್ಲರ ಮನೆಯ ಪಾಲನ್ನೂ ಇವನೊಬ್ಬನೇ ಹೊತ್ತಿದ್ದ, ನಮ್ಮ ಚೀಟಿಯಲ್ಲಿ ಇವನು "ಕೂಲಿ".

ಊರಾಚೆಯ ಆಲದ ಮರದ ಕೆಳಗೆ ನಿಂತು ತಲೆ ಎತ್ತಿದೆ. ಒಣಗಿ ಕಪ್ಪಾದ ಹದಿನೇಳು ಚೀಲ ಎಣಿಸಿ, ಆಮೇಲೆ ಎಲೆಗಳ ನಡುವೆ ಲೆಕ್ಕ ತಪ್ಪಿತು. ಹಂಗಳದ ಕಡೆಯೂ ಇಂಥ ಮರಗಳನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಹಕ್ಕಿಗೂಡೋ ಏನೋ ಎಂದುಕೊಂಡು ಮುಂದೆ ಹೋಗಿದ್ದೆ.

ಕೆಂಪಯ್ಯ ಅಂದೇ ದಾಖಲಾದ. ಇಪ್ಪತ್ತೊಂದು ದಿನ ಚುಚ್ಚುಮದ್ದು, ಜೊತೆಗೆ ಮೂರು ತಿಂಗಳ ಮಾತ್ರೆ. ಐದನೇ ಸಂಜೆ ಜ್ವರ ಬರಲಿಲ್ಲ. ಮೂರನೇ ವಾರದಲ್ಲಿ ಗೋಡೆ ಹಿಡಿದು ನಿಂತ. ಆ ಊರಿನಲ್ಲಿ ಶಿವಣ್ಣನವರು ದನಗಳ ರಕ್ತ ಪರೀಕ್ಷಿಸಿದರು, ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಲಸಿಕೆ ಹಾಕಿದರು. ಸತ್ತೆಯನ್ನು ಇನ್ನು ಮರಕ್ಕೆ ಕಟ್ಟಬೇಡಿ, ಕೈಗೆ ಚೀಲ ಹಾಕಿಕೊಂಡು ಎತ್ತಿ, ನಾಲ್ಕಡಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ ಎಂದು ಊರವರನ್ನು ಸೇರಿಸಿ ಹೇಳಿದಾಗ ನಾನೂ ಇದ್ದೆ. ಜನ ತಲೆಯಾಡಿಸಿದರು. ಒಬ್ಬ ಅಜ್ಜಿ ಮಾತ್ರ ಎದ್ದು ನಿಂತು, "ಮರಕ್ಕ ಸಲ್ಬೇಕಾದ್ದ ಮಣ್ಗಾಕ್ಬುಟ್ರ ಹಸ ಹಾಲ್ಕೊಟ್ಟದಾ?" ಎಂದು ಕೇಳಿದಳು. ಆಡಿಸಿದ ತಲೆಗಳೆಲ್ಲ ಈಗ ಅವಳ ಕಡೆಗೆ ಆಡಿದವು. ನಾನು ಬ್ಯಾಕ್ಟೀರಿಯಾದ ಬಗ್ಗೆ ಶುರು ಮಾಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಸ್ಪತ್ರೆಯಿಂದ ಬಂದು ವಾರವಾಗಿದ್ದ ಕೆಂಪಯ್ಯ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದ. "ಆ ಮರದ ಬುಡುಕ್ಕೇ ಗುಂಡಿ ತೋಡನ ಕಣಜ್ಜಿ. ಬೇರೂ ಮರಾನೇ ಅಲ್ವಾ? ಮ್ಯಾಲ ಕಟ್ಟಿದ್ರ ಬಿಸ್ಲಿಗ ಒಣುಗ್ತದ, ಕೆಳುಗ ಆಕಿದ್ರ ಮರ ಉಣ್ತದ," ಎಂದ. ಇಷ್ಟು ವರ್ಷ ಕಟ್ಟಿದವನೇ ಹೇಳಿದ ಮೇಲೆ ಅಜ್ಜಿಗೂ ಸರಿ ಎನ್ನಿಸಿತು. ಆಲದ ಬುಡದಲ್ಲೇ ಗುಂಡಿಯಾಯಿತು, ಮೇಲೆ ಮುಳ್ಳು ಹೊದಿಸಿದರು. ನನ್ನ ಇಪ್ಪತ್ತೊಂಬತ್ತು ವರ್ಷದ ಪಾಠಕ್ಕಿಂತ ಅವನ ಒಂದು ಮಾತು ಹೆಚ್ಚು ಕೆಲಸ ಮಾಡಿತು.

ಈ ನಡುವೆ ಬೆಂಗಳೂರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದ ಮಾದರಿಯ ಉತ್ತರ ಬಂತು: ಬ್ರೂಸೆಲ್ಲಾ ಅಬಾರ್ಟಸ್. ಫೋನಿನಲ್ಲಿ ಮಾತಾಡಿದ ಅಲ್ಲಿನ ಯುವ ವಿಜ್ಞಾನಿ ನನ್ನನ್ನು ಸಮಾಧಾನಪಡಿಸಲು, "ಹೊಸ ವರ್ಗೀಕರಣದ ಪ್ರಕಾರ ನಿಮ್ಮ ಮೊದಲ ರಿಪೋರ್ಟೂ ಅಷ್ಟೇನೂ ತಪ್ಪಲ್ಲ ಮೇಡಂ" ಎಂದರು. 2020ರಲ್ಲಿ ಜೀನೋಮ್ ಹೋಲಿಸಿ ನೋಡಿದವರು ಬ್ರೂಸೆಲ್ಲಾದ ಕೊಂಬೆ ಓಕ್ರೋಬ್ಯಾಕ್ಟ್ರಮ್ ಮರದ ನಡುವಿನಿಂದಲೇ ಒಡೆದಿದೆ, ಎರಡನ್ನೂ ಬೇರೆ ಜೀನಸ್ ಎನ್ನಲಾಗದು ಎಂದು ಒಂದು ಮಾಡಿಬಿಟ್ಟಿದ್ದರು. ಓಕ್ರೋಬ್ಯಾಕ್ಟ್ರಮ್ ಆಂಥ್ರೋಪಿ ಈಗ ಬ್ರೂಸೆಲ್ಲಾ ಆಂಥ್ರೋಪಿ. ಮಣ್ಣಿನ ಸಾಧುವಿಗೂ ಮೂಳೆ ತಿನ್ನುವವನಿಗೂ ಒಂದೇ ಹೆಸರಾದರೆ ಆಸ್ಪತ್ರೆಗಳಲ್ಲಿ ಗೊಂದಲವಾಗುತ್ತದೆ ಎಂದು ಬ್ರೂಸೆಲ್ಲಾ ತಜ್ಞರು ಕೂಗಾಡುತ್ತಿದ್ದರು. ನಾನು ಎರಡೂ ಕಡೆಯ ಲೇಖನಗಳನ್ನು ತರಿಸಿ ಓದಿದೆ. ವಂಶದ ಪ್ರಶ್ನೆಯಾದರೆ ಮೊದಲಿನವರು ಸರಿ, ರೋಗಿಯ ಪ್ರಶ್ನೆಯಾದರೆ ಎರಡನೆಯವರು ಸರಿ. ಅದೊಂದು ತಿಂಗಳು ನಾನು ಊಟದ ಮೇಜಿನಲ್ಲೂ ಇದನ್ನೇ ಮಾತಾಡಿ ಮನೆಯವರ ತಲೆ ತಿಂದೆ. ಆದರೆ ಸಮಾಧಾನ ಮಾತ್ರ ಆಗಲಿಲ್ಲ. ಯಾವ ವರ್ಗೀಕರಣ ಬಂದರೂ ಹನ್ನೊಂದು ದಿನ ಹನ್ನೊಂದೇ ದಿನ.

ಮಾತ್ರೆ ಮುಗಿದ ವಾರ ಕೆಂಪಯ್ಯ, ಸಿದ್ದಮ್ಮ ಕೊನೆಯ ರಕ್ತಪರೀಕ್ಷೆಗೆ ಬಂದರು. ಅವನು ನೆಟ್ಟಗೆ ನಡೆದುಕೊಂಡು ಒಳಗೆ ಬಂದ. ಸೋಂಕು ಹೋಗಿತ್ತು, ಕಾಲು ಉಳಿದಿತ್ತು. ಆದರೆ ಸವೆದ ಎರಡು ಮೂಳೆಗಳು ಕುಸಿದು ಒಂದಕ್ಕೊಂದು ಕೂಡಿಕೊಂಡಿದ್ದವು. ಮರ ಹತ್ತುವುದು ಇನ್ನು ಈ ಜನ್ಮಕ್ಕಿಲ್ಲ ಎಂದು ಮೂಳೆ ವೈದ್ಯರು ಹೇಳಿ ಕಳಿಸಿದ್ದರು. ಸಿದ್ದಮ್ಮ ನನ್ನ ಕೈ ಹಿಡಿದು, "ನೀವು ಕಂಡಿಡೀದೇ ಇದ್ದಿದ್ರ ನಮ್ಮನ ಮುಳುಗೋಗದು," ಎಂದಳು.

ಆ ಕೃತಜ್ಞತೆಯನ್ನು ಸುಮ್ಮನೆ ತೆಗೆದುಕೊಂಡುಬಿಡಬಹುದಿತ್ತು. ನಜೀಮಾ ಪಕ್ಕದ ಮೇಜಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಮೊದಲ ಸಲ ನಿಮ್ಮ ರಕ್ತದಲ್ಲಿ ಅದು ಸಿಕ್ಕಿತ್ತು, ಏನೂ ಅಲ್ಲ ಎಂದು ಬರೆದವಳೂ ನಾನೇ, ಹನ್ನೊಂದು ದಿನ ಅದರಿಂದಲೇ ತಡವಾಯಿತು ಎಂದು ಹೇಳಿಬಿಟ್ಟೆ.

ಸಿದ್ದಮ್ಮ ಕೈ ಬಿಟ್ಟಳು. ಕೆಂಪಯ್ಯ ಕೇಳಿದ: "ಆವತ್ತೇ ಔಸ್ದಿ ಸುರುವಾಗಿದ್ರ ನಾನು ಮರ ಅತ್ತಬೋದಿತ್ತಾ ಡಾಕ್ಟ್ರಮ್ಮ?"

"ಗೊತ್ತಿಲ್ಲ ಕೆಂಪಯ್ಯ. ಹತ್ತಬಹುದಿತ್ತೇನೋ. ನಿಜವಾಗಿ ನನಗೆ ಗೊತ್ತಿಲ್ಲ," ಎಂದೆ.

ಅವನು ಎದ್ದು, ಸೊಂಟದ ಬೆಲ್ಟು ಸರಿಮಾಡಿಕೊಂಡ. ಸಿಟ್ಟಿರಲಿಲ್ಲ. "ಗೊತ್ತಿಲ್ಲ ಅಂತ ಆವತ್ತೇ ಬರ್ದಿದ್ರ ಆಗ್ತಿತ್ತು ಕಣವ್ವ," ಎಂದ.

ವರದಿಯ ನಮೂನೆಯಲ್ಲಿ ಹಾಗೆ ಬರೆಯಲು ಜಾಗವಿಲ್ಲ. ರೋಗಿಯ ಹೆಸರಿನ ಮುಂದೆ ಒಂದು ಬ್ಯಾಕ್ಟೀರಿಯಾದ ಹೆಸರಿರಬೇಕು, ಇಲ್ಲವೇ ಕಲ್ಮಶವೆಂದಿರಬೇಕು. ನಿವೃತ್ತಿಯಾಗುವವರೆಗಿನ ಎರಡು ವರ್ಷ, ತಟ್ಟೆಗಳು ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದಾಗಲೆಲ್ಲ ನಾನು ಆ ಜಾಗದಲ್ಲಿ ಕೈಯಿಂದ ಬರೆದೆ: "ಇದು ಏನೆಂದು ನಮಗಿನ್ನೂ ಗೊತ್ತಿಲ್ಲ. ರೋಗಿಯನ್ನು ಮನೆಗೆ ಕಳಿಸಬೇಡಿ, ಫೋನ್ ಮಾಡಿ." ಇಷ್ಟು ಅನುಭವವಿಟ್ಟುಕೊಂಡು ಗೊತ್ತಿಲ್ಲ ಎಂದು ಬರೆಯುತ್ತೀರಲ್ಲ ಎಂದು ಕೆಲವು ವೈದ್ಯರು ನಕ್ಕದ್ದುಂಟು. ಆದರೆ ಫೋನ್ ಮಾಡದೇ ಇದ್ದವರು ಒಬ್ಬರೂ ಇಲ್ಲ.